ಲೈನ್ ಹತ್ತವಲ್ದು

ಊರಿನ ಹೆಸರು ಹೇಳುವುದಿಲ್ಲ. ಕಿತ್ತೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ, ಹತ್ತಿ ಪೇಟೆಯ ಒಂದು ತಾಲೂಕು ಊರು ಅಂದರೆ ಸಾಕು. ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಆಪರೇಟರ್ ಆಗಿ ಸೇರಿದ್ದು 1974ರಲ್ಲಿ. ನನ್ನ ಬೋರ್ಡಿನ ಮೇಲೆ ಮಾತಾಡಿದವರಲ್ಲಿ ಕೆಲವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ತೀರಿಹೋದವರ ಮಕ್ಕಳು ಅದೇ ಪೇಟೆಯಲ್ಲಿ ಗಾದಿಯ ಮೇಲೆ ಕೂತಿದ್ದಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಒಪ್ಪಿಕೊಂಡವಳು ನಾನು. ಪಿಂಚಣಿ ಶುರುವಾದ ದಿನ ಆ ಒಪ್ಪಿಗೆ ಮುಗಿಯಿತೆಂದು ನನಗೆ ಯಾರೂ ಹೇಳಿಲ್ಲ.

ನಮ್ಮ ಮೇಲೆ ಊರಿಗಿದ್ದ ಮರ್ಯಾದೆ ಒಂದು ನಮೂನೆಯದು. ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತ ನಿಂತರೆ ಪಕ್ಕದಲ್ಲಿ ಬೀಗರ ಮನೆಯ ಸುದ್ದಿ ಆಡುತ್ತಿದ್ದ ಹೆಂಗಸರು ದನಿ ಇಳಿಸುತ್ತಿದ್ದರು. ಕಾಯಿಪಲ್ಲೆಯವನು ಮಾತ್ರ ಎರಡು ಕಾಯಿ ಹೆಚ್ಚು ಹಾಕುತ್ತಿದ್ದ, ಅವನಿಗೆ ಫೋನೂ ಇರಲಿಲ್ಲ, ಮುಚ್ಚಿಡುವಂಥದ್ದೂ ಇರಲಿಲ್ಲ. ಫೋನಿದ್ದವರು ಎದುರಿಗೆ ಬಂದರೆ ಕೈಮುಗಿದು "ಅಕ್ಕಾರ, ಆರಾಮ್ರಿ?" ಅನ್ನುವರು, ಆದರೆ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ನಾನು ಆಗ ಇಪ್ಪತ್ತೊಂದರ ಹುಡುಗಿ. ಐವತ್ತರ ಸಾವಕಾರರು ನನ್ನನ್ನು ಕಂಡು ಯಾಕೆ ಹೆದರುತ್ತಾರೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಕೋಣೆ ಸಣ್ಣದು. ಗೋಡೆಗೆ ಹತ್ತಿಸಿ ನಿಲ್ಲಿಸಿದ, ಕಪಾಟಿನಷ್ಟು ಎತ್ತರದ ಕಟ್ಟಿಗೆಯ ಬೋರ್ಡು. ಅದರ ಮುಖದ ಮೇಲೆ ಸಾಲುಸಾಲಾಗಿ ಪುಟ್ಟ ಲೋಹದ ಮುಚ್ಚಳಗಳು, ಒಂದೊಂದಕ್ಕೆ ಒಂದು ಜ್ಯಾಕು, ಅಂದರೆ ಪ್ಲಗ್ಗು ತೂರಿಸುವ ತೂತು. ಊರಿನ ಒಂದು ಫೋನಿಗೆ ಒಂದು ಮುಚ್ಚಳ. ಆಗಿನ ಫೋನಿಗೆ ಡಯಲ್ ಇರಲಿಲ್ಲ, ಪಕ್ಕದಲ್ಲೊಂದು ಹಿಡಿಕೆ. ಮನೆಯಲ್ಲಿ ಅದನ್ನು ಗರಗರ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಕಾರ್ಡುಗಳು ಜೋಡಿ ಜೋಡಿಯಾಗಿ ಮೇಜಿನಿಂದ ಎದ್ದು ನಿಂತಿರುತ್ತಿದ್ದವು. ಹಿಂದಿನದನ್ನು ಎಳೆದು ಬಿದ್ದ ಮುಚ್ಚಳದ ಜ್ಯಾಕಿಗೆ ಚುಚ್ಚಿ, ಕೀಲಿ ಒತ್ತಿ "ನಂಬರ್ ಪ್ಲೀಜ್" ಅನ್ನುವುದು, ಅವರು ಕೇಳಿದ ನಂಬರಿನ ಜ್ಯಾಕಿಗೆ ಮುಂದಿನ ಕಾರ್ಡು ಚುಚ್ಚಿ ಗಂಟೆ ಕಳಿಸುವುದು. ಆ ಕಡೆಯವರು ಎತ್ತಿ "ಹಲೋ" ಅಂದ ಕೂಡಲೇ ಕೀಲಿ ಬಿಟ್ಟು ನಾವು ಹೊರಗೆ ಬರಬೇಕು. ಸಂಜೆ ಹೊತ್ತಿಗೆ ಬೋರ್ಡಿನ ತುಂಬ ಕಾರ್ಡುಗಳು ಒಂದರ ಮೇಲೊಂದು ಹಾಯ್ದು, ಯಾವುದು ಯಾರದು ಎಂದು ಹೊಸಬರಿಗೆ ತಲೆ ಕೆಡುತ್ತಿತ್ತು. ನಮಗೆ ಕೈಯೇ ಹೇಳುತ್ತಿತ್ತು.

"ನಂಬರ್ ಪ್ಲೀಜ್" ಅನ್ನುವುದು ನಮ್ಮ ಕಡೆಯ ಶಾಸ್ತ್ರ. ಊರಿನವರು ನಂಬರು ಹೇಳಿದ್ದು ಬಹಳ ಕಡಿಮೆ. "ಅಕ್ಕಾರ, ನಮ್ಮ ತಮ್ಮನ ಅಂಗಡಿಗೆ ಕೊಡ್ರಿ." "ಜಿನ್ನಿಂಗ್ ಫ್ಯಾಕ್ಟರಿಗೆ ಕೊಡ್ರಿ, ಹೊಸಾದಕ್ಕಲ್ಲ, ಹಳೇದಕ್ಕ." "ಡಾಕ್ಟರ್ ಎಲ್ಲಿದ್ದಾರ ನೋಡ್ರಿ." ಈ ಕೊನೆಯದು ಬಂದರೆ ಮನೆಗೆ ಗಂಟೆ ಹೊಡೆಯುವುದು ದಂಡ. ಗುರುವಾರ ಸಂಜೆ ಆದರೆ ಡಾಕ್ಟರು ಮಠದಲ್ಲಿ, ಬೇರೆ ದಿನ ಆದರೆ ಎಣ್ಣೆ ಮಿಲ್ಲಿನ ಮಾಲಕರ ಮನೆಯಲ್ಲಿ ಇಸ್ಪೀಟು. ಮಿಲ್ಲಿನ ಮನೆಗೆ ಮೊದಲು ಕಾರ್ಡು ಹಾಕಿದರೆ ಒಂದು ಹೆರಿಗೆಗೆ ಹತ್ತು ನಿಮಿಷ ಉಳಿಯುತ್ತಿತ್ತು. ಇಂಥದ್ದನ್ನು ಟ್ರೇನಿಂಗಿನಲ್ಲಿ ಕಲಿಸಿರಲಿಲ್ಲ. ಅಲ್ಲಿ ಕಲಿಸಿದ್ದು ದನಿ ಹೇಗೆ ಎತ್ತರಿಸದೆ ಸ್ಪಷ್ಟ ಮಾಡಬೇಕು, ಅಕ್ಷರ ಕೇಳಿಸದಿದ್ದರೆ ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ ಹೇಗೆ ಅನ್ನಬೇಕು, ಎದುರಿನವರು ಬೈದರೂ "ಸರ್" ಹೇಗೆ ಬಿಡಬಾರದು ಎಂಬುದು.

ಬೈಗುಳದ ವಿಷಯ ಬಂತೆಂದು ಹೇಳುತ್ತೇನೆ. ಈ ಕೆಲಸಕ್ಕೆ ಹೆಂಗಸರು ಬಂದದ್ದೇ ಬೈಗುಳದಿಂದ. ಅಮೆರಿಕೆಯಲ್ಲಿ ಮೊದಮೊದಲು ತಂತಿ ಕಚೇರಿಯ ಹುಡುಗರನ್ನೇ ತಂದು ಟೆಲಿಫೋನ್ ಬೋರ್ಡಿನ ಮುಂದೆ ನಿಲ್ಲಿಸಿದ್ದರಂತೆ. ಅವರು ಗಿರಾಕಿಗಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. 1878ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ತಂದು ಕೂರಿಸಿದರು, ಅಲ್ಲಿಂದ ಇದು ಹೆಂಗಸರ ಕೆಲಸವಾಯಿತು. ನಾಲ್ಕೇ ವರ್ಷಕ್ಕೆ, 1882ರ ಜನವರಿಯಲ್ಲಿ, ಕಲಕತ್ತಾ, ಮುಂಬೈ, ಮದ್ರಾಸಿನಲ್ಲೂ ಎಕ್ಸ್‌ಚೇಂಜುಗಳು ತೆರೆದವು. ನಮ್ಮ ಊರಿಗೆ ಬರಲು ಬಹಳ ಕಾಲ ಹಿಡಿಯಿತು, ಬಂದಾಗ ಬೈಗುಳವೂ ಜೊತೆಗೇ ಬಂತು.

ಊರೊಳಗಿನ ಫೋನು ಸರಳ. ಕಷ್ಟವೂ ರುಚಿಯೂ ಇದ್ದದ್ದು ಟ್ರಂಕ್ ಕಾಲಿನಲ್ಲಿ. ಮುಂಬೈಗೆ ಮಾತಾಡಬೇಕೆಂದರೆ ಬೆಳಿಗ್ಗೆ ಎದ್ದು ಬುಕ್ ಮಾಡಬೇಕು. ನಾವು ಚೀಟಿ ಬರೆದುಕೊಳ್ಳುವೆವು: ಯಾರಿಂದ, ಯಾವ ಊರು, ಯಾವ ನಂಬರು, ಬುಕ್ ಆದ ಹೊತ್ತು, ಹತ್ತಿದ ಹೊತ್ತು, ಎಷ್ಟು ನಿಮಿಷ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಎರಡು ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು ದುಡ್ಡು. ಪಿ.ಪಿ. ಎಂದು ಬರೆಸಿದರೆ ಇಂಥವರೇ ಬಂದು ಮಾತಾಡಬೇಕು, ಅವರನ್ನು ಹುಡುಕಿಸಿ ಕರೆಸುವ ಜವಾಬ್ದಾರಿ ಆ ತುದಿಯ ಆಪರೇಟರದು. ನೆರೆಮನೆಯ ಫೋನಿಗೆ ಪಿ.ಪಿ. ಹಚ್ಚಿ ಕರೆಸಿಕೊಳ್ಳುವುದು ಎಷ್ಟು ರೂಢಿಯಾಯಿತೆಂದರೆ, ತಮ್ಮ ಮನೆಯಲ್ಲಿ ಫೋನಿಲ್ಲದವರು ಪಕ್ಕದ ಮನೆಯ ನಂಬರಿನ ಮುಂದೆ ಪಿ.ಪಿ. ಎಂದು ಹಾಕಿ ಲಗ್ನಪತ್ರಿಕೆ ಅಚ್ಚು ಮಾಡಿಸುತ್ತಿದ್ದರು.

ನಮ್ಮ ಟ್ರಂಕ್ ಕರೆಗಳೆಲ್ಲ ದೊಡ್ಡ ಊರಿನ ಎಕ್ಸ್‌ಚೇಂಜಿನ ಮೂಲಕ ಹಾಯಬೇಕು. ಅದರ ಹೆಸರೂ ಬೇಡ, ನಾವು ಬರೀ "ದೊಡ್ಡೂರು" ಅನ್ನುತ್ತಿದ್ದೆವು. ದೊಡ್ಡೂರು ಕೊಟ್ಟರೆ ನಮಗೆ ಮುಂದಿನ ಲೋಕ, ಕೊಡದಿದ್ದರೆ ಇಲ್ಲ. ಕಂಬದಿಂದ ಕಂಬಕ್ಕೆ ಬರಿಯ ತಂತಿ, ಪಿಂಗಾಣಿ ಬಟ್ಟಲಿಗೆ ಸುತ್ತಿ ಹಾಯಿಸಿದ್ದು. ಮಳೆಗಾಲದಲ್ಲಿ ಒಂದು ಟೊಂಗೆ ತಾಗಿದರೂ ಸಾಕು, ಕಿವಿಯಲ್ಲಿ ಬರೀ ಕರಕರ. ತಾಮ್ರದ ಕಳ್ಳರು ಒಂದು ಗಾವುದ ತಂತಿ ಬಿಚ್ಚಿಕೊಂಡು ಹೋದರೆ ಲೈನ್‌ಮನ್ನಿನ ಸೈಕಲ್ಲು ವಾಪಸ್ಸು ಬರುವ ತನಕ ಊರು ದ್ವೀಪ. ಆ ತುದಿಯಲ್ಲಿ ಬಹಳ ವರ್ಷ ನನಗೆ ಸಿಗುತ್ತಿದ್ದದ್ದು ಒಬ್ಬಳೇ ಹೆಂಗಸು. ಗಡಸು ದನಿ, ಪ್ರತಿ ಮಾತಿನ ಕೊನೆಗೂ "ತಂಗಿ". ಮುಖ ಕಂಡಿಲ್ಲ, ಆದರೆ ಅವಳ ಅತ್ತೆಯ ಮೊಣಕಾಲು ನೋವು, ಮಗನ ಗಣಿತದ ಮಾರ್ಕು, ಮನೆಯಲ್ಲಿ ಆವತ್ತು ಏನು ಪಲ್ಲೆ ಎಲ್ಲ ನನಗೆ ಬಾಯಿಪಾಠ. ಲೈನು ಖಾಲಿ ಇದ್ದಾಗ ಅದೇ ನಮ್ಮ ಹರಟೆ ಕಟ್ಟೆ.

ಹತ್ತಿ ಹಂಗಾಮಿನಲ್ಲಿ ಈ ಹರಟೆ ಇಲ್ಲ. ಅಡತಿ ಅಂಗಡಿಯವರೆಲ್ಲ ಒಟ್ಟಿಗೆ ಮುಂಬೈ ರೇಟು ಕೇಳಲು ನಿಂತಿರುತ್ತಿದ್ದರು.

"ಏನ್ರಿ ಅಕ್ಕಾರ, ಮುಂಬೈ ಇನ್ನೂ ಹತ್ತಿಲ್ಲೇನ್ರಿ?"

"ಹತ್ತವಲ್ದ್ರಿ ಸಾವಕಾರ್ರ. ದೊಡ್ಡೂರಾಗ ಲೈನ್ ಭಾಳ ಬಿಜಿ ಐತಿ."

"ಅವಂದು ಹ್ಯಾಂಗ ಹತ್ತಿತ್ರಿ ಹಂಗಾರ? ನನ್ನ ಹಿಂದ ಬುಕ್ ಮಾಡ್ಯಾನ."

ಈ ಪ್ರಶ್ನೆಗೆ ನಮ್ಮಲ್ಲಿ ಯಾವಾಗಲೂ ಉತ್ತರ ಇರುತ್ತಿತ್ತು, ಅದು ಯಾವಾಗಲೂ ನಿಜವೇ ಆಗಿರಬೇಕೆಂದಿರಲಿಲ್ಲ. ಚೀಟಿಗಳು ಬುಕ್ ಆದ ಹೊತ್ತಿನಂತೆ ಸಾಲಾಗಿ ಇರಬೇಕು, ನಿಯಮ ಹಾಗೇ. ಆದರೆ ಲೈನು ಬಿಜಿ ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಮಾತಾಡುವವನಿಗೆ ಇರಲಿಲ್ಲ. ನಾವು ಹೇಳಿದ್ದೇ ವೇದ. ಒರಟಾಗಿ ಮಾತಾಡಿದವರ ಚೀಟಿ ಅಡಿಗೆ ಜಾರುವುದು, ದವಾಖಾನೆಯ ಚೀಟಿ ತಾನಾಗಿ ಮೇಲೇರುವುದು ಎಲ್ಲ ಎಕ್ಸ್‌ಚೇಂಜುಗಳಲ್ಲಿ ನಡೆಯುತ್ತಿತ್ತು. ಸತ್ತವರ ಸುದ್ದಿಗೆ ಲೈಟ್ನಿಂಗ್ ದುಡ್ಡು ಕೊಡಲಾಗದವರ ಕರೆ ಆರ್ಡಿನರಿ ದರದಲ್ಲೇ ಲೈಟ್ನಿಂಗಿನಷ್ಟು ಬೇಗ ಹೋಗುವುದೂ ಇತ್ತು. ಈಗ ಹಳೆಯ ಆಪರೇಟರುಗಳು ಈ ಎರಡನೆಯದನ್ನಷ್ಟೇ ನೆನೆಸಿಕೊಂಡು "ಆಗಿನ ಸೇವಾ ಮನೋಭಾವ" ಅನ್ನುತ್ತಾರೆ. ನನಗೆ ನಗು ಬರುತ್ತದೆ. ಯಾರು ಮೊದಲು ಮಾತಾಡಬೇಕು ಎಂದು ಗೊತ್ತು ಮಾಡುವ ಅಧಿಕಾರ ಅದು. ತಹಸೀಲ್ದಾರರಿಗೂ ಅಂಥದ್ದು ಇರಲಿಲ್ಲ.

ಕೇಳಿಸಿಕೊಳ್ಳುವುದರ ಬಗ್ಗೆ ಜನ ಈಗಲೂ ಕೇಳುತ್ತಾರೆ. 1885ರ ಟೆಲಿಗ್ರಾಫ್ ಕಾಯ್ದೆಯ 26ನೆಯ ಕಲಮಿನಲ್ಲಿ, ಒಬ್ಬರ ಸಂದೇಶವನ್ನು ಹೊರಗೆ ಹಾಕಿದ ಸಿಬ್ಬಂದಿಗೆ ಮೂರು ವರ್ಷದ ತನಕ ಜೈಲು ಎಂದಿತ್ತು. ಆದರೆ ಕೇಳದೆ ಕೆಲಸವೂ ನಡೆಯದು. ಮಾತು ಮುಗಿದ ಮೇಲೆ ಹಿಡಿಕೆ ಇನ್ನೊಮ್ಮೆ ತಿರುಗಿಸಿ ನಮಗೆ ತಿಳಿಸಬೇಕು. ಅರ್ಧ ಜನ ಅದನ್ನು ಮರೆತು ಉಣ್ಣಲು ಹೋಗುತ್ತಿದ್ದರು. ಮುಗಿಯಿತೋ ಇಲ್ಲವೋ ನೋಡಲು ಕೀಲಿ ಒತ್ತಿ ಒಳಗೆ ಹೋಗಲೇಬೇಕು. ಟ್ರಂಕಿನಲ್ಲಂತೂ ಮೂರು ನಿಮಿಷಕ್ಕೆ "ಮೂರ್ ಮಿನಿಟ್ ಆತ್ರಿ, ಮುಂದುವರಸ್ಲೇನ್ರಿ?" ಅನ್ನಬೇಕು, ಅಳುತ್ತಿದ್ದವರ ನಡುವೆಯೂ ಅನ್ನಬೇಕು. ಹೀಗೆ ಹೋದಾಗ ಕಿವಿಗೆ ಬಿದ್ದದ್ದು ಬಿದ್ದದ್ದೇ. ಊರಿನ ಸಾಲ, ಊರಿನ ಬಸುರು, ಊರಿನ ಕೋರ್ಟು ಕಚೇರಿ ಎಲ್ಲದರ ಒಂದೊಂದು ತುಂಡು ನನ್ನ ಬಳಿ ಇತ್ತು, ಪೂರ್ತಿ ಯಾವುದೂ ಇರಲಿಲ್ಲ.

ವ್ಯಾಪಾರಸ್ಥರು ಇದಕ್ಕೆ ಮದ್ದು ಕಂಡುಹಿಡಿದಿದ್ದರು. ಒಬ್ಬ ಅಡತಿಯವರು ಮುಂಬೈಗೆ ಮಾತಾಡುವಾಗ ರೇಟು ಇಳಿದರೆ "ಮಗಳಿಗೆ ಜ್ವರ", ಏರಿದರೆ "ಮಗಳು ಆಟಕ್ಕೆ ಹೋಗ್ಯಾಳ" ಅನ್ನುವರು. ಒಂದು ಸಲ ಮಗಳಿಗೆ ನಿಜಕ್ಕೂ ಜ್ವರ ಬಂತು. ಮುಂಬೈಯಲ್ಲಿದ್ದ ಭಾವಮೈದುನ ಗಾಬರಿಯಾಗಿ ಅಂಡಿಗೆ ಮಾರುವ ಮಾತೆತ್ತಿದ. ಇವರು ಇಡೀ ಪೇಟೆಗೆ ಕೇಳುವಂತೆ "ಖರೇ ಜ್ವರಪಾ, ಖರೇ ಜ್ವರ!" ಎಂದು ಕೂಗಿದರು. (ಇದನ್ನು ಅವರೇ ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ನಗುತ್ತಿದ್ದರು, ಅದಕ್ಕೇ ಬರೆದೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.)

ಆಪರೇಟರ ಕೈಯಲ್ಲಿನ ಈ ಅಧಿಕಾರ ಬೇಡವೆಂದು ಬಹಳ ಹಿಂದೆಯೇ ಒಬ್ಬ ಹಟ ಹಿಡಿದಿದ್ದ. ಅಮೆರಿಕೆಯ ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೌಜರ್, ಹೆಣ ಸಂಸ್ಕಾರದ ಏರ್ಪಾಡು ಮಾಡುವ ವ್ಯಾಪಾರದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಎದುರಾಳಿಗೆ ದಾಟಿಸುತ್ತಿದ್ದಾಳೆ ಎಂದು ಅವನಿಗೆ ಅನುಮಾನ. ಕತೆ ಹಾಗಿದೆ. ಅವಳನ್ನು ಬದಲಿಸಿ ಎಂದು ಅರ್ಜಿ ಹಾಕಿಕೊಂಡು ಕೂರದೆ, ಅವಳೇ ಬೇಡದಂಥ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಕಾರ್ಖಾನೆ ಬಹಳ ವರ್ಷ ಕಟ್ಟಿದ್ದು ಇದೇ ಸ್ಟ್ರೌಜರ್ ಬಗೆಯ ಎಕ್ಸ್‌ಚೇಂಜುಗಳನ್ನು. 1960ರಲ್ಲಿ ಕಾನ್ಪುರ ಲಖನೌ ನಡುವೆ ಎಸ್‌ಟಿಡಿಯೂ ಬಂತು, ಟ್ರಂಕಿಗೂ ಆಪರೇಟರು ಬೇಡವಾಯಿತು. ಊರೂರಿಗೆ ಅದು ಇಳಿಯುವಷ್ಟರಲ್ಲಿ ನಾನು ಕೆಲಸಕ್ಕೆ ಸೇರಿ ಬಡ್ತಿಯನ್ನೂ ಪಡೆದಿದ್ದೆ.

ನಡುವೆ ನನ್ನದೊಂದು ಸಂಗತಿ ಇದೆ, 1979ರದು. ಸೊಲ್ಲಾಪುರದ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಮಿಲ್ಲಿನಲ್ಲಿ ಸುಪರ್‌ವೈಸರ್. ನೋಡಿ ಹೋದರು, ಒಪ್ಪಿಗೆ ಅಂದರು. ಇನ್ನೊಂದು ಮನೆಯವರೂ ಕೇಳುತ್ತಿದ್ದಾರೆ, ಗುರುವಾರದೊಳಗೆ ಕೊಡು ಕೊಳ್ಳುವ ಮಾತು ಮುಗಿಸಿ ಎಂದರು. ಅದು ತಂತಿಯಲ್ಲಿ ಬರೆಯುವ ಮಾತಲ್ಲ, ಪತ್ರಕ್ಕೆ ಹೊತ್ತಿಲ್ಲ. ನಮ್ಮಣ್ಣ ಮಂಗಳವಾರ ಬೆಳಿಗ್ಗೆ ಅರ್ಜೆಂಟ್ ಬುಕ್ ಮಾಡಿದ. ಬೋರ್ಡಿನ ಮೇಲೆ ನಾನೇ ಇದ್ದೆ. ದೊಡ್ಡೂರಿಗೆ ಹತ್ತಾರು ಸಲ ಕೇಳಿದೆ. "ಸೊಲ್ಲಾಪುರ ಹತ್ತವಲ್ದು ತಂಗಿ" ಅಂದಳು ಗಡಸು ದನಿಯವಳು. ಸಂಜೆಗೂ ಅದೇ. ಬುಧವಾರ ಲೈಟ್ನಿಂಗಿಗೆ ಏರಿಸಿದೆವು, ಅಣ್ಣನ ಅರ್ಧ ಪಗಾರ ಹೋಗುವ ಮಾತು, ಆದರೂ ಏರಿಸಿದೆವು. "ಲೈನ್ ಸತ್ತೈತಿ ತಂಗಿ, ಏನ್ ಮಾಡ್ಲಿ." ಗುರುವಾರ ಕಳೆಯಿತು. ನಮ್ಮ ಕಡೆಯಿಂದ ಉತ್ತರ ಬರಲಿಲ್ಲ ಎಂದು ಅವರು ಇನ್ನೊಂದು ಮನೆಗೆ ವೀಳ್ಯ ಕೊಟ್ಟರು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಉಣ್ಣಲಿಲ್ಲ. ಮಗಳು ಟೆಲಿಫೋನಿನಲ್ಲೇ ಕೆಲಸ ಮಾಡಿ ಏನು ಬಂತು ಎಂದು ಅವ್ವ ಅಂದದ್ದು ನ್ಯಾಯವಾಗೇ ಇತ್ತು. ಎರಡು ವರ್ಷಕ್ಕೆ ನನ್ನ ಮದುವೆ ಒಬ್ಬ ಹೈಸ್ಕೂಲು ಮಾಸ್ತರರ ಜೊತೆ ಆಯಿತು. ಅವರು ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ, ಎದುರಿಗೂ ಹಾಗೇ. ಸುಖವಾಗಿದ್ದೆವು.

1986ರ ಜುಲೈಯಲ್ಲಿ ಕಿತ್ತೂರಿಗೆ ಹೊಸ ಎಕ್ಸ್‌ಚೇಂಜು ಬಂತು. ಎರಡು ವರ್ಷದ ಹಿಂದೆ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಶುರುವಾಗಿದ್ದ ಸಿ-ಡಾಟ್ ಸಂಸ್ಥೆ, 36 ತಿಂಗಳು, 36 ಕೋಟಿ ರೂಪಾಯಿ ಎಂದು ಗಡುವು ಹಾಕಿಕೊಂಡು ಹೊರಟಿತ್ತು. ಅದು ತಯಾರಿಸಿದ ಹಳ್ಳಿಯ ಎಕ್ಸ್‌ಚೇಂಜು ದೇಶದಲ್ಲಿ ಮೊದಲು ಕೂತದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ನಮ್ಮಲ್ಲಿ ಅದೇ ಮಾತು. ರವಿವಾರ ಬಸ್ಸು ಹತ್ತಿ ನೋಡಲು ಹೋದೆ, ಜೊತೆಗೆ ನಮ್ಮ ಲೈನ್‌ಮನ್ನೂ ಬಂದ. ಕೋಟೆಯ ಹಾಳು ಗೋಡೆ ಮೊದಲೇ ನೋಡಿದ್ದೆವು, ನೇರ ಎಕ್ಸ್‌ಚೇಂಜಿಗೇ ಹೋದೆವು.

ನೋಡಲು ಏನೂ ಇರಲಿಲ್ಲ, ಅದೇ ಸೋಜಿಗ. ಒಂದು ಕಬ್ಬಿಣದ ಕಪಾಟು, ಒಳಗೆ ಹಸಿರು ಹಲಗೆಗಳು. 128 ಪೋರ್ಟಿನದು ಅಂದರು. ಪರದೇಶದಿಂದ ಬರುವ ಎಕ್ಸ್‌ಚೇಂಜಿಗೆ ಎಸಿ ಕೋಣೆ ಬೇಕು, ಇದಕ್ಕೆ ನಮ್ಮ ಸೆಕೆ, ನಮ್ಮ ಧೂಳು ನಡೆಯುತ್ತದೆ ಎಂದು ವಿವರಿಸಿದರು. ನಾನು ಕೋಣೆಯಲ್ಲಿ ಕುರ್ಚಿ ಹುಡುಕುತ್ತಿದ್ದೆ. ಕಪಾಟಿನ ಮುಂದೆ ಕುರ್ಚಿ ಇರಲಿಲ್ಲ. ಲೈನ್‌ಮನ್ ಸುತ್ತು ಹಾಕಿ ನೋಡಿ, "ಅಕ್ಕಾರ, ಇದಕ್ಕ ಕಂಬಾನೂ ಬೇಕು, ತಂತೀನೂ ಬೇಕು. ನಾ ಬದುಕೀನಿ" ಅಂದ. ಅವನ ಲೆಕ್ಕ ಸರಿ ಇತ್ತು.

ಕೆಲವು ವರ್ಷಕ್ಕೆ ನಮ್ಮೂರಿಗೂ ಅಂಥದ್ದೇ ಬಂತು. ಹಳೆ ಬೋರ್ಡು ಗುಜರಿಗೆ ಹೋಯಿತು, ಕಾರ್ಡಿನ ಹಿತ್ತಾಳೆ ಪ್ಲಗ್ಗುಗಳನ್ನು ತೂಕಕ್ಕೆ ಹಾಕಿದರು. ಯಾರೂ ಕಣ್ಣೀರು ಹಾಕಲಿಲ್ಲ, ಊರಂತೂ ಹಬ್ಬ ಮಾಡಿತು. ಜ್ವರದ ಮಗಳ ಅಪ್ಪ, ಆ ಅಡತಿಯವರು, ಪೇಢೆಯ ಪೊಟ್ಟಣ ತಂದುಕೊಟ್ಟು, "ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಇನ್ಮ್ಯಾಲೆ ಮುಂಬೈ ರೇಟು ನನಗೊಬ್ಬನಿಗೇ ಗೊತ್ತಿರತೈತಿ" ಅಂದರು. ನಾನು ತಪ್ಪು ತಿಳಿಯಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಪೇಢೆ ಹಂಚುತ್ತಿದ್ದೆ. ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಕೂತು, ಮೂರನೆಯವರ ದಯೆ ಇಲ್ಲದೆ, ಮೂರನೆಯವರ ಕಿವಿ ಇಲ್ಲದೆ ಮಾತಾಡುವುದು ಸಣ್ಣ ಸಂಗತಿಯಲ್ಲ. ಆದರೆ ಅದರ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಫೋನಿಲ್ಲದ ಜನ ಗಾಜಿನ ಡಬ್ಬಿಯಲ್ಲಿ ನಿಂತು, ಕೆಂಪು ಅಂಕಿಯ ಮೇಲೆ ಕಣ್ಣಿಟ್ಟು, ಅರೆತೆರೆದ ಬಾಗಿಲಿನಿಂದ ಇಡೀ ಸರದಿಗೆ ಕೇಳುವಂತೆ ತಮ್ಮ ಮನೆಯ ಗುಟ್ಟು ಒದರುವುದನ್ನು ನೋಡಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾನಾದರೂ ಒಬ್ಬಳೇ ಕೇಳುತ್ತಿದ್ದೆ, ಕಾಯ್ದೆಗೆ ಹೆದರುತ್ತಿದ್ದೆ.

ಮುಂದೆ ನನ್ನನ್ನು ಬೇರೆ ಊರಿನಲ್ಲಿ 197ಕ್ಕೆ ಕೂರಿಸಿದರು, ಆಮೇಲೆ 198ಕ್ಕೆ. ಮೊದಲನೆಯದು ನಂಬರು ವಿಚಾರಣೆ, ಎರಡನೆಯದು ದೂರು. ಇದರಲ್ಲಿ ಹೇಳುವಂಥದ್ದು ಏನಿಲ್ಲ. ನಿವೃತ್ತಿಯಾದದ್ದು 2013ರಲ್ಲಿ, ಟೆಲಿಗ್ರಾಮ್ ನಿಂತುಹೋದ ವರ್ಷವೇ. ಆ ಜುಲೈಯಲ್ಲಿ ಕೊನೆಯ ತಂತಿ ಕಳಿಸಲು ಜನ ಕಚೇರಿಗಳ ಮುಂದೆ ಸರದಿ ನಿಂತರು. ಟ್ರಂಕ್ ಕಾಲ್ ಹೋಗುವಾಗ ಹಾಗೆ ಯಾರೂ ಸರದಿ ನಿಂತಿರಲಿಲ್ಲ. ಬದುಕಿದ್ದಷ್ಟು ಕಾಲ ನಿಂತಿದ್ದರಲ್ಲ, ಸಾಕಾಗಿತ್ತು.

ಆಮೇಲೊಮ್ಮೆ ಪಿಂಚಣಿದಾರರ ಸಭೆಗೆ ಹೋಗಿದ್ದೆ. ಚಹಾದ ಹೊತ್ತಿಗೆ ಹಿಂದಿನಿಂದ ಯಾರೋ "ಸಕ್ರಿ ಕಡಿಮಿ ಹಾಕ್ರಿ" ಅಂದರು. ಗಡಸು ದನಿ. ತಿರುಗಿ ನೋಡಿದರೆ ಭುಜದ ತನಕ ಬರುವ, ಬೆಳ್ಳಗಿನ ಮುದುಕಿ. ನಾನು ಇಷ್ಟು ವರ್ಷ ಅವಳನ್ನು ಎತ್ತರದ ಕಪ್ಪು ಹೆಂಗಸು ಎಂದೇ ಇಟ್ಟುಕೊಂಡಿದ್ದೆ. ಊರ ಹೆಸರು ಹೇಳಿದೆ. "ಹೌದಾ ತಂಗಿ!" ಎಂದು ಕೈ ಹಿಡಿದುಕೊಂಡಳು. ಅತ್ತೆ ತೀರಿಹೋಗಿದ್ದರು, ಗಣಿತದಲ್ಲಿ ಹಿಂದಿದ್ದ ಮಗ ಬ್ಯಾಂಕಿನಲ್ಲಿದ್ದ. ನನ್ನ ಗಂಡ, ಮಕ್ಕಳು ಎಲ್ಲ ಕೇಳಿದಳು. "ಮಾಸ್ತರು ಛಲೋ ಇದ್ರೇನು?" ಅಂದಳು. ಛಲೋ ಇದ್ರು ಅಂದೆ.

"ನಿನ್ನ ಸೊಲ್ಲಾಪುರದ ಲೈನು ನೆನಪೈತೇನು?"

"ಮರಿಯೂದು ಹ್ಯಾಂಗ? ಎರಡು ದಿನ ಸತ್ತಿತ್ತಲ್ಲ."

"ಸತ್ತಿರಲಿಲ್ಲ" ಅಂದಳು. "ಎರಡೂ ದಿನ ಲೈನ್ ಛಲೋ ಇತ್ತು. ಆ ಹುಡುಗ ರವಿವಾರ ರಾತ್ರಿ ಯಾರಿಗೋ ಫೋನ್ ಮಾಡಿದ್ದ, ನನ್ನ ಬೋರ್ಡಿನ ಮ್ಯಾಲೆ ಹಾದು ಹೋತು."

"ಏನಂದಾ?"

ಚಹಾ ಊದಿ ಒಂದು ಗುಟುಕು ಕುಡಿದಳು. "ಅದನ್ನ ಹೇಳಾಕ ಬರೂದಿಲ್ಲ ತಂಗಿ. ಇಪ್ಪತ್ತಾರನೇ ಕಲಮು."

ನಾನು ಮತ್ತೆ ಕೇಳಿದೆ, ಆಣೆ ಹಾಕಿದೆ, ಹುಡುಗ ಸತ್ತೇ ಹೋಗಿರಬೇಕು ಈಗೇನು ಅಂದೆ. ಅವಳು ಸಕ್ಕರೆ ಹೆಚ್ಚಾಯಿತೆಂದು ಚಹಾದವನ ಜೊತೆ ಜಗಳ ತೆಗೆದಳು.